ಫೋಟೋ ಸ್ಟುಡಿಯೋ ಕಂಪ್ಯೂಟರ್‌ಗೆ ಫೈಲ್ ಮ್ಯಾನೇಜರ್ ಆರಿಸುವುದು

ನನ್ನದು ಮದುವೆ, ನಾಮಕರಣದ ಫೋಟೋ ಸ್ಟುಡಿಯೋ. ಕ್ಯಾಮೆರಾ ಹಿಡಿಯುವುದಕ್ಕಿಂತ ಫೈಲ್ ಸಾಗಿಸುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಕಾರ್ಡ್‌ನಿಂದ ಕಂಪ್ಯೂಟರ್‌ಗೆ, ಅಲ್ಲಿಂದ ಬ್ಯಾಕಪ್ ಡಿಸ್ಕ್‌ಗೆ, ಆಮೇಲೆ ಆಲ್ಬಮ್ ಮಾಡುವವರ ಪೆನ್‌ಡ್ರೈವ್‌ಗೆ. ಫೈಲ್ ತೋರಿಸಿ, ಸಾಗಿಸುವ ಸಾಫ್ಟ್‌ವೇರೇ ಫೈಲ್ ಮ್ಯಾನೇಜರ್. ವಿಂಡೋಸ್ ಜೊತೆ ಬರುವ ಎಕ್ಸ್‌ಪ್ಲೋರರ್ ಇದಕ್ಕೆ ಸಾಲದು. ವಿಂಡೋಸ್ 11ರ ಎಕ್ಸ್‌ಪ್ಲೋರರ್‌ಗೆ 2022ರಲ್ಲಿ ಬ್ರೌಸರ್‌ನಲ್ಲಿರುವಂಥ ಟ್ಯಾಬ್ ಬಂತು, ಒಳ್ಳೆಯದೇ. ಆದರೆ ಎಲ್ಲಿಂದ, ಎಲ್ಲಿಗೆ ಎಂಬ ಎರಡೂ ಫೋಲ್ಡರ್ ಒಂದೇ ವಿಂಡೋದಲ್ಲಿ ಅಕ್ಕಪಕ್ಕ ಕಾಣುವುದಿಲ್ಲ. ನಿಮ್ಮ ಕೆಲಸ ಬರೀ ಫೈಲ್ ತೆರೆಯುವುದು, ಸೇವ್ ಮಾಡುವುದು ಅಷ್ಟೇ ಆಗಿದ್ದರೆ ಸುಮ್ನೆ ಇದ್ದದ್ದರಲ್ಲೇ ಇರಿ.

ಎರಡು ಪೇನ್, ಅಂದರೆ ಒಂದೇ ವಿಂಡೋದಲ್ಲಿ ಅಕ್ಕಪಕ್ಕ ಎರಡು ಭಾಗ ಬೇಕು ಎನ್ನುವವರಿಗೆ ದಾರಿ ಹಳೆಯದು. 1986ರ ನಾರ್ಟನ್ ಕಮಾಂಡರ್ ಎಂಬ ಫೈಲ್ ಮ್ಯಾನೇಜರ್ ಹಾಕಿಕೊಟ್ಟ ಪದ್ಧತಿ ಇವತ್ತಿಗೂ ನಡೆಯುತ್ತಿದೆ: ಟ್ಯಾಬ್ ಕೀ ಒತ್ತಿದರೆ ಆಚೆ ಪೇನ್, ಎಫ್5 ಒತ್ತಿದರೆ ಕಾಪಿ, ಎಫ್6ಕ್ಕೆ ಮೂವ್. ಒಂದರಲ್ಲಿ ಕಲಿತರೆ ಉಳಿದವುಗಳಲ್ಲೂ ಬೆರಳು ತಾನಾಗೇ ಓಡುತ್ತದೆ. ಇದೇ ಪದ್ಧತಿಯ ಟೋಟಲ್ ಕಮಾಂಡರ್ 1993ರಿಂದ ಇದೆ. ಒಂದು ತಿಂಗಳು ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಡಬಲ್ ಕಮಾಂಡರ್ ಹೆಚ್ಚೂಕಮ್ಮಿ ಅದೇ ರೀತಿ, ಆದರೆ ಓಪನ್ ಸೋರ್ಸ್, ಪೂರ್ತಿ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಡೈರೆಕ್ಟರಿ ಓಪಸ್ ಎಂಬ ಇನ್ನೊಂದು ಸೌಲಭ್ಯಗಳಲ್ಲಿ ಶ್ರೀಮಂತ, ಬೆಲೆಯೂ ಹಾಗೇ. ಹೊಸಬರು ಡಬಲ್ ಕಮಾಂಡರ್‌ನಿಂದ ಶುರು ಮಾಡಿ ಎನ್ನುತ್ತೇನೆ. ಅದರ ಪೋರ್ಟಬಲ್ ಜಿಪ್ ಸಿಗುತ್ತದೆ. ಒಂದು ಫೋಲ್ಡರ್‌ಗೆ ಬಿಚ್ಚಿಕೊಂಡರೆ ಸಾಕು, ಇನ್‌ಸ್ಟಾಲ್ ಬೇಡ. ಹಿಡಿಸದಿದ್ದರೆ ಫೋಲ್ಡರ್ ಅಳಿಸಿಬಿಡಿ. ಯಾವುದೇ ಆಗಲಿ, ತಯಾರಿಸಿದವರ ಸೈಟ್‌ನಿಂದಲೇ ಇಳಿಸಿಕೊಳ್ಳಿ.

ಈಗ ಪರೀಕ್ಷೆ. ಅದರ ವೈಶಿಷ್ಟ್ಯಗಳ ಪಟ್ಟಿ ಓದುತ್ತಾ ಕೂರಬೇಡಿ. ನಿಮ್ಮದೇ ಒಂದು ದಿನದ ಕೆಲಸ ಅದರ ಮುಂದೆ ಇಡಿ.

ನನಗೆ ಮೊದಲ ಪರೀಕ್ಷೆ ಕಾರ್ಡ್. ಸಂಜೆ ಸ್ಟುಡಿಯೋ ಹುಡುಗ "ಅಣ್ಣಾ, ಕಾರ್ಡ್ ಫಾರ್ಮ್ಯಾಟ್ ಮಾಡ್ಲಾ?" ಎಂದು ಕೇಳುತ್ತಾನೆ. ಹೂಂ ಎನ್ನುವ ಮೊದಲು ಎಡ ಪೇನ್‌ನಲ್ಲಿ ಕಾರ್ಡ್, ಬಲಕ್ಕೆ ಕಾಪಿ ಆದ ಫೋಲ್ಡರ್ ಇಟ್ಟು, ಎರಡನ್ನೂ ಹೋಲಿಸುವ 'ಸಿಂಕ್ರೊನೈಸ್' ತೆರೆಯುತ್ತೇವೆ. ಅಲ್ಲಿ 'ಬೈ ಕಂಟೆಂಟ್' ಎಂಬ ಗುರುತು ಹಾಕಬೇಕು. ಆಗ ಅದು ಹೆಸರು, ಗಾತ್ರ ನೋಡಿ ಬಿಡುವುದಿಲ್ಲ, ಪ್ರತಿ ಫೈಲ್‌ನ ಒಳಗನ್ನೂ ಓದಿ ಹೋಲಿಸುತ್ತದೆ. ತುಂಬಿದ ಕಾರ್ಡ್ ಆದರೆ ಟೈಮ್ ಹಿಡಿಯುತ್ತದೆ, ಹಿಡಿಯಲಿ ಬಿಡಿ. ಎಲ್ಲ ಸಾಲಿನಲ್ಲೂ ಸಮ ಚಿಹ್ನೆ ಬಂದರೆ ಫಾರ್ಮ್ಯಾಟ್. ಮುಹೂರ್ತದ ಫೋಟೋ ಮತ್ತೆ ತೆಗೆಯೋಕಾಗಲ್ಲ, ಅಲ್ವಾ?

ಎರಡನೆಯದು ಹೆಸರು ಬದಲಿಸುವುದು. ಎರಡು ನಿಕಾನ್ ಕ್ಯಾಮೆರಾ ಇದ್ದರೆ ಎರಡರಲ್ಲೂ ಡಿಎಸ್‌ಸಿ_0001 ಇರಬಹುದು. ಒಂದೇ ಫೋಲ್ಡರ್‌ಗೆ ಸುರಿದರೆ ಜಗಳ. ಟೋಟಲ್ ಕಮಾಂಡರ್‌ನಲ್ಲಿ ಕಂಟ್ರೋಲ್ ಜೊತೆ ಎಂ ಒತ್ತಿದರೆ ಬರುವ ಮಲ್ಟಿ ರಿನೇಮ್‌ನಲ್ಲಿ ತಾರೀಕು, ಗಂಟೆ, ಕೊನೆಗೊಂದು ಕ್ರಮಸಂಖ್ಯೆ ಸೇರಿಸಿ. ಕ್ರಮಸಂಖ್ಯೆ ಬೇಕೇ ಬೇಕು, ಅಕ್ಷತೆ ಬೀಳುವಾಗ ಒಂದೇ ಸೆಕೆಂಡಿಗೆ ಹಲವು ಕ್ಲಿಕ್ ಆಗಿರುತ್ತವೆ. ಬದಲಿಸುವ ಮುಂಚೆಯೇ ಹಳೆ ಹೆಸರು, ಹೊಸ ಹೆಸರು ಪಕ್ಕಪಕ್ಕ ತೋರಿಸುತ್ತದೆ. ಹಾಗೆ ತೋರಿಸದ ಸಾಫ್ಟ್‌ವೇರ್ ನನಗಂತೂ ಬೇಡ. ಮದುವೆಗೆ ಹೊರಡುವ ಮೊದಲೇ ಎರಡೂ ಕ್ಯಾಮೆರಾದ ಗಡಿಯಾರ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಧಾರೆಗಿಂತ ಊಟ ಮುಂದೆ ಬರುತ್ತದೆ. ಇನ್ನೊಂದು: ಮೊದಲು ಹೋಲಿಕೆ, ಆಮೇಲೆ ಹೆಸರು. ಹೆಸರು ಬದಲಾದ ಮೇಲೆ ಕಾರ್ಡ್‌ನಲ್ಲಿರುವ ಫೈಲ್‌ಗೆ ಜೋಡಿ ಸಿಗುವುದಿಲ್ಲ.

ಮೂರನೆಯದು ಕನ್ನಡ. ಕನ್ನಡದಲ್ಲೇ ಹೆಸರಿಟ್ಟ ಒಂದು ಫೋಲ್ಡರ್ ಮಾಡಿ. ಒತ್ತಕ್ಷರದ ಬಾಲ ಸಾಲಿನ ಕೆಳಗೆ ಕತ್ತರಿಸಿ ಹೋಗಿದೆಯೇ ನೋಡಿ. ಹೋಗಿದ್ದರೆ ಸೆಟ್ಟಿಂಗ್‌ನಲ್ಲಿ ಫಾಂಟ್ ನಿರ್ಮಲಾ ಯುಐ ಮಾಡಿ. ಆ ಹೆಸರನ್ನು ಹುಡುಕಿ, ಜಿಪ್ ಮಾಡಿ, ಬೇರೆ ಕಂಪ್ಯೂಟರ್‌ನಲ್ಲಿ ಬಿಚ್ಚಿ. ಅಕ್ಷರದ ಬದಲು ಪ್ರಶ್ನೆ ಚಿಹ್ನೆ ಬಂದರೆ ಗಿರಾಕಿಗೆ ಕಳಿಸುವ ಫೈಲ್‌ಗೆ ಇಂಗ್ಲಿಷ್ ಹೆಸರೇ ಗತಿ.

ಫೋಟೋ ನೋಡಿ ಆರಿಸುವ ಕೆಲಸವನ್ನು ಇವುಗಳಿಂದ ಬಯಸಬೇಡಿ. ಅದಕ್ಕೆ ಬೇರೆ ಸಾಫ್ಟ್‌ವೇರ್ ಇವೆ.

ಲಿನಕ್ಸ್‌ನವರು ಹುಡುಕಾಡುವ ಮೊದಲು ಇದ್ದದ್ದನ್ನೇ ನೋಡಿ. ಕೆಡಿಇ ಡೆಸ್ಕ್‌ಟಾಪ್‌ನ ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲೂ ಮಿಂಟ್ ಸಿನಮನ್‌ನ ನೆಮೊದಲ್ಲೂ ಎಫ್3 ಒತ್ತಿದರೆ ಎರಡನೇ ಪೇನ್ ತೆರೆಯುತ್ತದೆ.

ಹೊಸದನ್ನು ಹಾಕಿದ ದಿನ ಅಳಿಸುವ ಸೆಟ್ಟಿಂಗ್ ತಪ್ಪದೆ ನೋಡಿ. ಇವುಗಳಲ್ಲಿ ಎಫ್8 ಎಂದರೆ ಡಿಲೀಟ್. ಹಾರ್ಡ್ ಡಿಸ್ಕ್ ಆದರೆ ರೀಸೈಕಲ್ ಬಿನ್‌ಗೆ ಹೋಗುವ ಹಾಗೆ ಇಟ್ಟುಕೊಳ್ಳಬಹುದು. ಪೆನ್‌ಡ್ರೈವ್, ಕಾರ್ಡ್‌ಗಳಿಗೆ ವಿಂಡೋಸ್‌ನಲ್ಲಿ ರೀಸೈಕಲ್ ಬಿನ್ ಇಲ್ಲ, ಅಳಿಸಿದ್ದು ನೇರ ಹೋಯಿತು. 'ಅಳಿಸಲೇ?' ಎಂದು ಕೇಳುವ ಪ್ರಶ್ನೆ ಎಷ್ಟೇ ಕಿರಿಕಿರಿ ಅನಿಸಿದರೂ ಅದನ್ನು ಆಫ್ ಮಾಡಬೇಡಿ.