ಹನ್ನೊಂದು ಜನ, ನಾಲ್ಕು ಸೀಟು, ಒಂದು ನೋಟ್‌ಬುಕ್

ನಾನು ಅಮೆರಿಕದ ಪ್ರಜೆ ಅಲ್ಲ. ಗ್ರೀನ್ ಕಾರ್ಡೂ ಇಲ್ಲ, ಎಚ್‌1ಬಿ ವೀಸಾದಲ್ಲಿ ಇದ್ದೇನೆ. ಆದರೂ 2024ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೋಟು ಹಾಕಿದೆ. ಕಾನೂನು ಪ್ರಕಾರವೇ ಹಾಕಿದೆ, ಗಾಬರಿ ಬೇಡ.

ಈ ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿನ ಚುನಾವಣೆಗೆ ಮಾತ್ರ ಅಂಥದ್ದೊಂದು ಅವಕಾಶ ಇದೆ. ಊರಲ್ಲೇ ವಾಸ ಇರಬೇಕು, 19 ವರ್ಷದೊಳಗಿನ ಮಗು ಇರಬೇಕು. ಅಷ್ಟಿದ್ದರೆ ಪ್ರಜೆ ಆಗಿಲ್ಲದ ಅಪ್ಪ ಅಮ್ಮನೂ ವೋಟು ಹಾಕಬಹುದು. ಈ ಪ್ರಸ್ತಾವವನ್ನು ಊರಿನ ಮತದಾರರು 2004ರಲ್ಲಿ ಬೇಡ ಅಂದರು, 2010ರಲ್ಲೂ ಬೇಡ ಅಂದರು. 2016ರಲ್ಲಿ ‘ಪ್ರಾಪೊಸಿಷನ್ ಎನ್’ ಅನ್ನುವ ಹೆಸರಲ್ಲಿ ಮತ್ತೆ ಬಂದಾಗ ಒಪ್ಪಿದರು. ಆಮೇಲೆ ಕೋರ್ಟಿಗೂ ಹೋಯಿತು. 2022ರಲ್ಲಿ ಕೆಳಗಿನ ಕೋರ್ಟು ರದ್ದು ಮಾಡಿತು, 2023ರಲ್ಲಿ ಮೇಲಿನ ಕೋರ್ಟು ಸರಿ ಇದೆ ಅಂದಿತು. ಹಾಗಾಗಿ 2024ರ ಹೊತ್ತಿಗೆ ನನಗೂ ಒಂದು ವೋಟು ಇತ್ತು.

ನನ್ನ ಯಜಮಾನರಿಗೂ ಇತ್ತು. ಅವರು ಹಾಕಲಿಲ್ಲ. ನೋಂದಣಿ ಫಾರ್ಮಿನಲ್ಲೇ ಒಂದು ಎಚ್ಚರಿಕೆ ಇದೆ: ನೀವು ಕೊಡುವ ಹೆಸರು, ವಿಳಾಸ ವಲಸೆ ಇಲಾಖೆಯವರ ಕೈಗೂ ಸಿಗಬಹುದು ಅಂತ. ಅದನ್ನು ಓದಿ ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟರು. "ಗ್ರೀನ್ ಕಾರ್ಡ್ ಸಾಲಿನಲ್ಲಿ ಇಷ್ಟು ವರ್ಷದಿಂದ ನಿಂತಿದೀವಿ. ಯಾಕೆ ಬೇಕು ಕಣೇ ಸುಮ್ನೆ ತಲೆನೋವು" ಅಂದರು. ತಪ್ಪೇನಿಲ್ಲ ಆ ಮಾತಲ್ಲಿ. ನಾನು ವಲಸೆ ವಕೀಲರೊಬ್ಬರಿಗೆ ಫೀಸು ಕೊಟ್ಟು ಅರ್ಧ ಗಂಟೆ ಮಾತಾಡಿದೆ. ಊರಿನ ಕಾನೂನು ಬಿಟ್ಟಿರುವುದರಿಂದ ಇದು ಅಪರಾಧ ಅಲ್ಲ, ಆದರೆ ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ‘ಯಾವುದಾದರೂ ಚುನಾವಣೆಗೆ ನೋಂದಣಿ ಮಾಡಿಸಿದ್ದೀರಾ’ ಅನ್ನುವ ಪ್ರಶ್ನೆ ಬರುತ್ತದೆ, ಆಗ ಹೌದು ಅಂತಲೇ ಬರೆದು ವಿವರಣೆ ಕೊಡಬೇಕು, ಎಲ್ಲದರ ನಕಲು ಇಟ್ಟುಕೊಳ್ಳಿ ಅಂದರು. ಒಂದು ಫೈಲು ಮಾಡಿದೆ. ಈ ನೋಂದಣಿ ಒಂದು ಚುನಾವಣೆಗಷ್ಟೇ ಸಾಕಾಗುತ್ತದೆ, ಮುಂದಿನ ಸಲಕ್ಕೆ ಮತ್ತೆ ಮಾಡಿಸಬೇಕು. ನನ್ನ ಥರ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಮಾತು ನಂಬಿ ಹಾಕಬೇಡಿ, ನಿಮ್ಮ ವಕೀಲರನ್ನೇ ಕೇಳಿ.

ಸರಿ, ವೋಟು ಸಿಕ್ಕಿತು. ಯಾರಿಗೆ ಹಾಕುವುದು?

ಬೋರ್ಡಿನಲ್ಲಿ ಏಳು ಜನ. ನಾಲ್ಕು ವರ್ಷದ ಅವಧಿ. ಆ ಸಲ ನಾಲ್ಕು ಸೀಟು ಖಾಲಿ, ನಿಂತವರು ಹನ್ನೊಂದು ಜನ. ಪಕ್ಷದ ಚಿಹ್ನೆ ಇಲ್ಲ. ಮೇಯರ್ ಚುನಾವಣೆಗೆ ಇಲ್ಲಿ ಒಂದು, ಎರಡು, ಮೂರು ಅಂತ ಇಷ್ಟದ ಕ್ರಮ ಬರೆಯಬೇಕು. ಪಕ್ಕದ ಮನೆಯ ಅಜ್ಜಿ ಅದನ್ನೇ ನನಗೆ ಅರ್ಧ ಸಂಜೆ ವಿವರಿಸಿ ತಲೆ ಕೆಡಿಸಿದರು. ಸ್ಕೂಲ್ ಬೋರ್ಡಿಗೆ ಅದೆಲ್ಲ ಇಲ್ಲ. ನಾಲ್ಕು ಹೆಸರಿನವರೆಗೆ ಗುರುತು ಹಾಕಬಹುದು, ಅಷ್ಟೇ.

ಚುನಾವಣಾ ಇಲಾಖೆಯ ಕೈಪಿಡಿಯಲ್ಲಿ ಪ್ರತಿ ಅಭ್ಯರ್ಥಿಯ ಹೇಳಿಕೆ ಇತ್ತು. ಮೊದಲ ಸಾಲು ‘ನನ್ನ ವೃತ್ತಿ ಇದು’, ಆಮೇಲೆ ‘ನನ್ನ ಅರ್ಹತೆ ಇದು’ ಅಂತ ಒಂದೆರಡು ಪ್ಯಾರಾ. ಕೊಟ್ಟಿದ್ದನ್ನು ಹಾಗೇ ಅಚ್ಚು ಹಾಕುತ್ತಾರೆ, ಕಾಗುಣಿತ ಕೂಡ ತಿದ್ದುವುದಿಲ್ಲ. ಹನ್ನೊಂದನ್ನೂ ಓದಿ ಮುಗಿಸಿದಾಗ ನನಗೆ ಹನ್ನೊಂದು ಜನವೂ ಒಬ್ಬರೇ ಅನ್ನಿಸಿತು. ಎಲ್ಲರಿಗೂ ಮಕ್ಕಳೇ ಮೊದಲು. ಎಲ್ಲರಿಗೂ ಓದು ಸುಧಾರಿಸಬೇಕು, ಗಣಿತ ಸುಧಾರಿಸಬೇಕು, ಲೆಕ್ಕಪತ್ರ ಪಾರದರ್ಶಕ ಆಗಬೇಕು. ಬೇಡ ಅನ್ನುವವರು ಯಾರಿದ್ದಾರೆ?

ಮತಪತ್ರದ ಮೇಲೆ ಹೆಸರಿನ ಕೆಳಗೆ ಮೂರು ಪದದೊಳಗೆ ವೃತ್ತಿ ಬರೆಯಲು ಕ್ಯಾಲಿಫೋರ್ನಿಯಾದ ಕಾನೂನು ಬಿಡುತ್ತದೆ. ಅಲ್ಲಿ ಯಾವ ಪದ ಆರಿಸಿದ್ದಾರೆ ಅಂತ ನೋಡುವುದೂ ಒಂದು ಮಜಾ. ಎಜುಕೇಟರ್ ಅಂದರೆ ನಮ್ಮ ಕಣ್ಣಿಗೆ ಚಾಕ್‌ಪೀಸ್ ಹಿಡಿದ ಮೇಷ್ಟ್ರು ಬರುತ್ತಾರೆ. ಆದರೆ ಆ ಪದದ ಕೆಳಗೆ ಯಾರು ಬೇಕಾದರೂ ನಿಲ್ಲಬಹುದು.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ದಾವಣಗೆರೆ ಹತ್ತಿರದ ಹಳ್ಳಿ ನಮ್ಮದು. 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂತಲ್ಲ, ಪಾಲಕರ ಸಮಿತಿ, ಅದರ ಶುರುವಿನ ದಿನಗಳಲ್ಲಿ ಅಪ್ಪ ನಮ್ಮ ಶಾಲೆಯ ಅಧ್ಯಕ್ಷರಾಗಿದ್ದರು. ಮೊದಲು ಜೋರಾಗಿ ನಕ್ಕರು. "ಅಲ್ಲೂ ಇದೇ ಪಾಡಾ?" ಅಂದರು. ಆಮೇಲೆ ಹೇಳಿದರು: "ಮೀಟಿಂಗ್‌ನಾಗೆ ಜೋರು ಮಾತಾಡೋರು ಬಾಳ ಜನ ಇದ್ರು ಕಣಮ್ಮಾ. ಬಿಸಿಯೂಟದ ಅಕ್ಕಿ ಬಂದ ದಿನ ಮೂಟೆ ಎಣಿಸಾಕೆ ಬರ್ತಿದ್ದೋರು ಇಬ್ಬರೇ. ನಿಮ್ಮ ಹನ್ನೊಂದು ಜನದಾಗೆ ಮೂಟೆ ಎಣಿಸೋರು ಯಾರು, ಅದನ್ನ ನೋಡು."

ಅವತ್ತೇ ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಹನ್ನೊಂದು ಹಾಳೆ ಬಿಟ್ಟುಕೊಂಡು, ಪ್ರತಿ ಹಾಳೆಯ ಮೇಲೆ ಒಂದು ಹೆಸರು ಬರೆದೆ. ಬಲಗಡೆ ಮೂಲೆಯಲ್ಲಿ ‘ಮೂಟೆ’ ಅಂತ ಒಂದು ಚೌಕ.

ಈ ಬೋರ್ಡಿನ ಮೂಟೆ ಯಾವುದು ಅಂತ ಮೊದಲು ತಿಳಿಯಬೇಕಿತ್ತು. ಸುಮಾರು 49,000 ಮಕ್ಕಳು. ವರ್ಷದ ಬಜೆಟ್ ನೂರು ಕೋಟಿ ಡಾಲರಿಗಿಂತ ಜಾಸ್ತಿ. ಮುಂದಿನ ಸಾಲಿಗೆ 11 ಕೋಟಿ 30 ಲಕ್ಷ ಡಾಲರ್ ಕೊರತೆ ಅಂತ ಆಗಿನ ಲೆಕ್ಕ. ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಸರ್ಕಾರದ ದುಡ್ಡು ಮಕ್ಕಳ ಹಾಜರಿ ನೋಡಿ ಬರುತ್ತದೆ, ಶಾಲೆ ಕಟ್ಟಡಗಳು ಮಾತ್ರ ಅಷ್ಟೇ ಇವೆ. ಅದರ ಮೇಲೆ, 2024ರ ಮೇ ತಿಂಗಳಿಂದ ರಾಜ್ಯದ ಸಲಹೆಗಾರರಿಗೆ ಬೋರ್ಡಿನ ಹಣಕಾಸಿನ ತೀರ್ಮಾನವನ್ನೇ ತಡೆಯುವ ಅಧಿಕಾರ ಇತ್ತು. ಅಂದರೆ ಗೆದ್ದು ಬಂದವರು ಕೈಗೆ ಬಂದಂತೆ ಖರ್ಚು ಮಾಡುವ ಹಾಗೇ ಇರಲಿಲ್ಲ. ಇದೊಂದೇ ವಿಷಯ ನನಗೆ ಒಳ್ಳೆ ಜರಡಿ ಆಯಿತು. ಸಲಹೆಗಾರರ ಮಾತೇ ಎತ್ತದೆ ಹೊಸ ಹೊಸ ಯೋಜನೆ ಪಟ್ಟಿ ಮಾಡಿದವರ ಹಾಳೆಯಲ್ಲಿ ಚೌಕದೊಳಗೆ ಪ್ರಶ್ನೆ ಚಿಹ್ನೆ ಹಾಕಿದೆ.

ಹಿನ್ನೆಲೆ ನೋಡುವಾಗ ನನಗೆ ಡಿಗ್ರಿಗಿಂತ ದಿನಚರಿ ಮುಖ್ಯ ಅನ್ನಿಸಿತು. ಬೋರ್ಡ್ ಸದಸ್ಯರಿಗೆ ತಿಂಗಳಿಗೆ ಸಿಗುವುದು 500 ಡಾಲರ್. ಈ ಊರಲ್ಲಿ ಅದು ಕಾರು ನಿಲ್ಲಿಸುವ ಜಾಗದ ಬಾಡಿಗೆಗೂ ಒಮ್ಮೊಮ್ಮೆ ಸಾಲದು. ಸಭೆ ಶುರುವಾದರೆ ನಡುರಾತ್ರಿ ಹತ್ತಿರ ಆಗುವುದೂ ಉಂಟು. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು ಇದಕ್ಕೆ ಹೇಗೆ ಸಮಯ ಕೊಡುತ್ತೀರಿ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಆಮೇಲೆ ದೇಣಿಗೆ. ನೂರು ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟವರ ಹೆಸರು, ಉದ್ಯೋಗ, ಕೆಲಸ ಕೊಟ್ಟವರ ಹೆಸರು ಎಲ್ಲ ‘460’ ಅನ್ನುವ ಫಾರ್ಮಿನಲ್ಲಿ ಬರೆಯಲೇಬೇಕು. ಚುನಾವಣೆಯ ದುಡ್ಡಿನ ಮೇಲೆ ಕಣ್ಣಿಡುವ ಊರಿನ ಎಥಿಕ್ಸ್ ಕಮಿಷನ್ ಅದನ್ನು ಎಲ್ಲರಿಗೂ ಕಾಣುವ ಹಾಗೆ ಇಡುತ್ತದೆ. ಬೇರೆಯವರು ಒಬ್ಬ ಅಭ್ಯರ್ಥಿಗೆ 500 ಡಾಲರಿಗಿಂತ ಜಾಸ್ತಿ ಕೊಡುವಂತಿಲ್ಲ, ಅಭ್ಯರ್ಥಿ ಹಾಕುವ ಸ್ವಂತ ದುಡ್ಡಿಗೆ ಮಿತಿ ಇಲ್ಲ. ನಾನು ಮೊತ್ತ ನೋಡಲಿಲ್ಲ, ಸಾಲು ನೋಡಿದೆ. ಅಕ್ಕಪಕ್ಕದ ಬೀದಿಯವರು, ಶಿಕ್ಷಕರು, ನರ್ಸುಗಳು ಎಷ್ಟು ಜನ ಇದ್ದಾರೆ ಅಂತ. ಮೂರು ರಾತ್ರಿ ಇದಕ್ಕೇ ಹೋಯಿತು. ನಿಜ ಹೇಳಬೇಕೆಂದರೆ ಇದರಿಂದ ನನಗೆ ಅಂಥ ದೊಡ್ಡ ಲಾಭ ಆಗಲಿಲ್ಲ. ದುಡ್ಡು ಕೊಟ್ಟವರ ಉದ್ಯೋಗದಿಂದ ತಗೊಂಡವರ ಬುದ್ಧಿ ತಿಳಿಯುವುದಿಲ್ಲ.

ಹಳೇ ಸಭೆಗಳ ವಿಡಿಯೊ ಮಾತ್ರ ಕೆಲಸಕ್ಕೆ ಬಂತು. ಎಲ್ಲ ಸಭೆಯೂ ರೆಕಾರ್ಡ್ ಆಗುತ್ತದೆ. ಹನ್ನೊಂದು ಜನರಲ್ಲಿ ಹಾಲಿ ಸದಸ್ಯರು ಒಬ್ಬರೇ, ಮ್ಯಾಟ್ ಅಲೆಕ್ಸಾಂಡರ್. ಹಿಂದೆ ಇದೇ ಊರಿನ ಸರ್ಕಾರಿ ಹೈಸ್ಕೂಲಿನ ಪ್ರಿನ್ಸಿಪಾಲರಾಗಿದ್ದವರು. ಅವರು ನಾಲ್ಕು ವರ್ಷ ಯಾವುದಕ್ಕೆ ಕೈ ಎತ್ತಿದರು, ಯಾವುದಕ್ಕೆ ಎತ್ತಲಿಲ್ಲ ಅಂತ ದಾಖಲೆಯೇ ಇದೆ. ಉಳಿದವರದ್ದು? ಸಾರ್ವಜನಿಕರಿಗೆ ಮಾತಾಡಲು ಬಿಡುವ ಒಂದೆರಡು ನಿಮಿಷದಲ್ಲಿ ಇವರಲ್ಲಿ ಯಾರಾದರೂ ಮೈಕ್ ಮುಂದೆ ಬಂದಿದ್ದರಾ ಅಂತ ಹುಡುಕಿದೆ. ಅಡುಗೆ ಮಾಡುತ್ತಾ, ಕುಕ್ಕರ್ ಪಕ್ಕ ಫೋನ್ ಒರಗಿಸಿಟ್ಟು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಮೂರನೇ ವಿಸಿಲ್ ಹೊತ್ತಿಗೆ ಒಂದು ಪರಿಚಿತ ಮುಖ ಕಂಡಿತು. ಚುನಾವಣೆಗೆ ಬಹಳ ಮೊದಲಿನ ಸಭೆ, ಖಾಲಿ ಖಾಲಿ ಕುರ್ಚಿಗಳು. ಆ ವ್ಯಕ್ತಿ ಕೈಯಲ್ಲಿ ಒಂದು ಕಾಗದ ಹಿಡಿದು ಬಜೆಟ್ಟಿನ ಒಂದು ಪುಟದ ಬಗ್ಗೆ ಕೇಳುತ್ತಿದ್ದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಲೆ ಆರಿಸಿ ಹೋಗಿ, ಆ ಹಾಳೆಯ ಚೌಕದಲ್ಲಿ ಟಿಕ್ ಹಾಕಿ ಬಂದೆ.

ಈ ನಡುವೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇರೆಯದೇ ಲೆಕ್ಕ. ಪಟ್ಟಿಯಲ್ಲಿ ಪರಾಗ್ ಗುಪ್ತಾ ಅನ್ನುವ ಹೆಸರಿತ್ತು, ಸುಪ್ರಿಯಾ ರೇ ಅನ್ನುವ ಹೆಸರಿತ್ತು. ‘ನಮ್ಮೋರು ನಿಂತಿದಾರೆ, ಹಾಕಿ’ ಅಂತ ಒಂದು ಸಂದೇಶ, ಅದಕ್ಕೆ ಹದಿನೈದು ಕೈಮುಗಿದ ಚಿತ್ರ. ಊರಲ್ಲಿ ಜಾತಿ ನೋಡಿ ವೋಟು ಹಾಕುತ್ತಾರೆ ಅಂತ ಬೈದುಕೊಂಡು ವಿಮಾನ ಹತ್ತಿದವರು ನಾವು! ಆಮೇಲೆ ಓದಿ ನೋಡಿದರೆ ಒಬ್ಬರು ಬಡವರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಇನ್ನೊಬ್ಬರು ವಕೀಲರು. ಇಬ್ಬರಿಗೂ ಹೇಳಿಕೊಳ್ಳಲು ಕೆಲಸ ಇತ್ತು. ನಮ್ಮ ಗುಂಪಿನಲ್ಲಿ ಅದನ್ನು ಕೇಳಿದವರೇ ಇಲ್ಲ.

ಅಕ್ಟೋಬರ್ ಮೊದಲ ವಾರ ಮತಪತ್ರಗಳು ಅಂಚೆಯಲ್ಲಿ ಹೊರಟವು. ಅಕ್ಟೋಬರ್ 8ಕ್ಕೆ ಊರೇ ಅಲ್ಲಾಡಿತು. ಮುಚ್ಚುವ ಅಥವಾ ಒಟ್ಟುಗೂಡಿಸುವ ಶಾಲೆಗಳು ಅಂತ 13 ಶಾಲೆಗಳ ಪಟ್ಟಿ ಹೊರಗೆ ಬಂತು. ನಮ್ಮ ಶಾಲೆ ಅದರಲ್ಲಿರಲಿಲ್ಲ. ಮಗಳ ಗೆಳತಿಯ ಶಾಲೆ ಇತ್ತು. ಆ ಹುಡುಗಿಯ ಅಮ್ಮ ಪಾರ್ಕಿನ ಬೆಂಚಿನ ಮೇಲೆ ಕೂತು, ಪಟ್ಟಿಯನ್ನು ಮತ್ತೆ ಮತ್ತೆ ಮೇಲಕ್ಕೂ ಕೆಳಕ್ಕೂ ಜರುಗಿಸುತ್ತಿದ್ದರು, ಹೆಸರು ಅಳಿಸಿ ಹೋಗಿರಬಹುದೇನೋ ಅನ್ನುವ ಹಾಗೆ.

ಇಲ್ಲಿ ಮನೆ ಹತ್ತಿರದ ಶಾಲೆಯೇ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಪಾಲಕರು ಶಾಲೆಗಳ ಪಟ್ಟಿ ಕೊಡಬೇಕು, ಸೀಟಿಗಿಂತ ಅರ್ಜಿ ಜಾಸ್ತಿ ಆದರೆ ಲಾಟರಿ. ಲಾಟರಿಯಲ್ಲಿ ಗೆದ್ದು ಸಿಕ್ಕ ಶಾಲೆ ಮುಚ್ಚುತ್ತಾರೆ ಅಂದರೆ ಹೇಗಾಗಬೇಡ?

ಆ ವಾರ ಅಭ್ಯರ್ಥಿಗಳ ಮುಖಾಮುಖಿ ಕಾರ್ಯಕ್ರಮಕ್ಕೆ ಹೋಗಿದ್ದೆ. ಒಬ್ಬೊಬ್ಬರಿಗೆ ಒಂದು ನಿಮಿಷ, ಆಮೇಲೆ ಗಂಟೆ. ಗಣಿತದ ಪ್ರಶ್ನೆ ಬಂದಾಗ ಎಲ್ಲರೂ ಸಲೀಸು. ಎಂಟನೇ ಕ್ಲಾಸಿಗೆ ಬೀಜಗಣಿತ ವಾಪಸು ತರಬೇಕು ಅನ್ನುವುದು ಆಗಲೇ ತೀರ್ಮಾನ ಆದ ಹಾಗಿತ್ತು. 2014ರಲ್ಲಿ ಅದನ್ನು ಒಂಬತ್ತಕ್ಕೆ ದೂಡಿದ್ದರು, 2024ರ ಮಾರ್ಚಿನಲ್ಲಿ ಊರಿನ ಜನ ವಾಪಸು ತನ್ನಿ ಅಂತ ಭಾರಿ ಬಹುಮತದಲ್ಲಿ ಹೇಳಿಯಾಗಿತ್ತು. ಗಾಳಿ ಬೀಸುವ ಕಡೆ ತೂರಿಕೊಳ್ಳುವುದು ಸುಲಭ. ಶಾಲೆ ಮುಚ್ಚುವ ಪ್ರಶ್ನೆಗೆ ಮಾತ್ರ ಗಂಟೆ ಬೇಗ ಹೊಡೆದರೆ ಸಾಕು ಅನ್ನುವ ಮುಖಗಳು. ‘ಪಾಲಕರ ಮಾತು ಕೇಳಬೇಕು’, ‘ಅಂಕಿ ಅಂಶ ನೋಡಬೇಕು’. ಮುಚ್ಚದಿದ್ದರೆ ಆ 11 ಕೋಟಿ ಎಲ್ಲಿಂದ ತರುತ್ತೀರಿ ಅಂತ ಹಿಂದಿನ ಸಾಲಿನ ಒಬ್ಬ ಅಪ್ಪ ಕೇಳಿದರು. ಶಾಲೆ ಮುಚ್ಚಿದರೂ ಅಷ್ಟು ದುಡ್ಡು ಉಳಿಯುವುದಿಲ್ಲ, ದೊಡ್ಡ ಖರ್ಚು ಸಂಬಳದ್ದು, ಆಡಳಿತ ಕಚೇರಿಯ ಹುದ್ದೆಗಳಿಂದ ಶುರು ಮಾಡಬೇಕು ಅಂತ ನೇರವಾಗಿ ಹೇಳಿದವರು ಕಡಿಮೆ. ಅದು ಕೇಳುವವರಿಗೆ ಹಿತವಾದ ಉತ್ತರ ಅಲ್ಲ. ಹೇಳಿದವರ ಚೌಕಕ್ಕೆ ಟಿಕ್ ಬಿತ್ತು.

ಹತ್ತು ದಿನದಲ್ಲಿ ಎಲ್ಲ ತಿರುಗುಮುರುಗು. ಶಾಲೆ ಮುಚ್ಚುವುದನ್ನು ನಿಲ್ಲಿಸಿದರು, ಊರಿನ ಶಾಲೆಗಳ ಆಡಳಿತದ ಮುಖ್ಯಸ್ಥ, ಸೂಪರಿಂಟೆಂಡೆಂಟ್ ಮ್ಯಾಟ್ ವೇನ್ ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಮರಿಯಾ ಸು ಬಂದರು. ನನಗೆ ಇದು ಇನ್ನೊಂದು ಪರೀಕ್ಷೆ ಆಯಿತು. ಅಕ್ಟೋಬರ್ 8ರ ಮೊದಲು ಹೇಳಿದ್ದು, ಆಮೇಲೆ ಹೇಳಿದ್ದು, ಎರಡನ್ನೂ ಅಕ್ಕಪಕ್ಕ ಬರೆದೆ. ಇಬ್ಬರ ಮಾತು ಪೂರ್ತಿ ಬದಲಾಗಿತ್ತು. ಒಬ್ಬರದ್ದು, ನನಗೆ ಇಷ್ಟ ಇಲ್ಲದಿದ್ದರೂ, ಒಂದಿಷ್ಟೂ ಅಲುಗಾಡಿರಲಿಲ್ಲ. ಇಷ್ಟ ಇಲ್ಲದ ಆ ಹೆಸರಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.

ನನ್ನ ಮತಪತ್ರ ಪುಟ್ಟದು. ಅಧ್ಯಕ್ಷರಿಲ್ಲ, ಮೇಯರ್ ಇಲ್ಲ, ಒಂದೇ ಸ್ಪರ್ಧೆ, ಹನ್ನೊಂದು ಹೆಸರು. ಮಗಳು ಪಕ್ಕದಲ್ಲಿ ನಿಂತು "ಅಮ್ಮಾ, ಇದು ನಮ್ಮ ಕ್ಲಾಸಿನ ಲೀಡರ್ ಎಲೆಕ್ಷನ್ ಥರಾನೇ ಇದೆ" ಅಂದಳು. ಮೂರು ಹೆಸರಿಗೆ ಗುರುತು ಹಾಕಿದೆ, ನಾಲ್ಕನೆಯದು ಖಾಲಿ ಬಿಟ್ಟೆ. ಯಾರಿಗೆ ಅಂತ ಇಲ್ಲಿ ಹೇಳುವುದಿಲ್ಲ. ಯಜಮಾನರಿಗೂ ಹೇಳಿಲ್ಲ.

ಲಕೋಟೆ ಡ್ರಾಪ್ ಬಾಕ್ಸಿಗೆ ಹಾಕಿ ಬಂದ ಮೇಲೆ ಒಂದು ಪತ್ರ ಬಂತು. ಎದೆ ಧಸಕ್ ಅಂದಿತು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಲಿಲ್ಲ. ಒಡೆದು ನೋಡಿದರೆ ಸಹಿ ತಾಳೆ ಆಗುತ್ತಿಲ್ಲ ಅಂತ. ತಪ್ಪು ನನ್ನದೇ. ಪಾಸ್‌ಪೋರ್ಟಿನಲ್ಲಿ ನನ್ನ ಸಹಿ ಕನ್ನಡದಲ್ಲಿದೆ, ನೋಂದಣಿ ಫಾರ್ಮಿಗೂ ಹಾಗೇ ಹಾಕಿದ್ದೆ. ಲಕೋಟೆ ಮೇಲೆ ಮಾತ್ರ ಅವಸರದಲ್ಲಿ, ಅಂಗಡಿ ಬಿಲ್ಲಿಗೆ ಹಾಕುವ ಹಾಗೆ, ಇಂಗ್ಲಿಷಿನಲ್ಲಿ ಗೀಚಿಬಿಟ್ಟಿದ್ದೆ. ಪತ್ರದ ಜೊತೆಗಿದ್ದ ಕಾಗದದ ಮೇಲೆ ಈ ಸಲ ನಿಧಾನಕ್ಕೆ, ಒತ್ತಕ್ಷರ ತುಂಡಾಗದ ಹಾಗೆ, ಕನ್ನಡದಲ್ಲಿ ಸಹಿ ಮಾಡಿ ಕಳಿಸಿದೆ. ನಕಲು ಫೈಲಿಗೆ ಸೇರಿತು.

ಗೆದ್ದವರು ಜೇಮಿ ಹ್ಯೂಲಿಂಗ್, ಪರಾಗ್ ಗುಪ್ತಾ, ಸುಪ್ರಿಯಾ ರೇ, ಜಾನ್ ಜೆರ್ಸಿನ್. ಮೊದಲನೆಯವರು ಓಕ್‌ಲ್ಯಾಂಡ್ ಊರಿನ ಸರ್ಕಾರಿ ವಕೀಲರ ಕಚೇರಿಯವರು, ಕೊನೆಯವರು ಹಿಂದೆ ಲಿಂಕ್ಡ್‌ಇನ್‌ನಲ್ಲಿ ಇದ್ದವರು. ಹಾಲಿ ಸದಸ್ಯರು ಸೋತರು. ನಾನು ಗುರುತು ಹಾಕಿದ ಮೂವರಲ್ಲಿ ಇಬ್ಬರು ಗೆದ್ದರು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಮೂಟೆ ಬರೋದು ಯಾವಾಗ?" ಅಂತ ಕೇಳಿದರು. ಜನವರಿಯಲ್ಲಿ ಹೊಸಬರು ಅಧಿಕಾರ ವಹಿಸಿಕೊಳ್ಳುತ್ತಾರೆ, ಆಮೇಲೆ ಬಜೆಟ್ ಸಭೆ ಅಂದೆ. "ಹಂಗಾರೆ ಆ ನೋಟ್‌ಬುಕ್ ರದ್ದಿಗೆ ಹಾಕಬೇಡ" ಅಂದರು.