ಗ್ಯಾಸ್ ಅಂದುಕೊಂಡಿದ್ದು ಎಮ್ಮೆಯಿಂದ ಬಂದ ಜ್ವರ: ನನ್ನ ಅನುಭವ

ಕುಂದಗೋಳ ಕಡೆಯ ಹಳ್ಳಿಯಲ್ಲಿ ನನಗೆ ಆರು ಎಮ್ಮೆಗಳಿವೆ. ಹಾಲು ಹುಬ್ಬಳ್ಳಿಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಎಂಟು ತಿಂಗಳ ಗಬ್ಬದ ಎಮ್ಮೆ ಕಂದು ಹಾಕಿತು. ಮಾಸು ಬೀಳಲಿಲ್ಲ. ಬರಿಗೈಲಿ ನಾನೇ ಎಳೆದೆ. ಸತ್ತ ಕರುವನ್ನು ತಿಪ್ಪೆಗೆ ಎಸೆದೆ, ನಾಯಿಗಳು ಎಳೆದಾಡಿದವು. ಅವ್ವ ಎಮ್ಮೆಗೆ ದೃಷ್ಟಿ ತೆಗೆದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಮೂರು ವಾರಕ್ಕೆ ನನ್ನ ಹೊಟ್ಟೆ ಕೆಟ್ಟಿತು. ಭೇದಿ ಏನಿಲ್ಲ. ರೊಟ್ಟಿ ಕಂಡರೆ ಬೇಡ ಅನ್ನಿಸುತ್ತಿತ್ತು, ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಓಕರಿಕೆ, ಮಲಬದ್ಧತೆ, ಎಡ ಪಕ್ಕೆಯ ಕೆಳಗೆ ಕಲ್ಲಿಟ್ಟಂಥ ಭಾರ. ಸಂಜೆ ಸಣ್ಣ ಜ್ವರ, ರಾತ್ರಿ ಅಂಗಿ ಹಿಂಡುವಷ್ಟು ಬೆವರು. ಸೊಂಟವೂ ನೋಯುತ್ತಿತ್ತು. ಮೇವಿನ ಹೊರೆ ಹೊತ್ತಿದ್ದಕ್ಕೆ ಇರಬೇಕು ಅಂತ ಬಿಟ್ಟೆ. ಡಾಕ್ಟರ ಮುಂದೆ ಹೊಟ್ಟೆಯದನ್ನಷ್ಟೇ ಹೇಳಿದೆ. ಅವರು ಗ್ಯಾಸ್ ಮಾತ್ರೆ ಕೊಟ್ಟರು. ಆಮೇಲೆ ವೈಡಲ್ ಟೆಸ್ಟ್ ಆಯಿತು, ಟೈಫಾಯ್ಡ್ ಅಂದರು. ಜ್ವರ ವಾರ ಇಳಿಯುವುದು, ಮತ್ತೆ ಏರುವುದು. ಎರಡು ತಿಂಗಳಲ್ಲಿ ಏಳು ಕಿಲೋ ಕಳೆದುಕೊಂಡೆ.

ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಲೇ ಕೇಳಿದರು: "ಮನೇಲಿ ದನ ಅದಾವೇನು? ಯಾವುದಾದರೂ ಕಂದು ಹಾಕಿತ್ತೇನು?" ನನಗೆ ಮಾತೇ ಹೊರಡಲಿಲ್ಲ. ಸ್ಕ್ಯಾನ್‌ನಲ್ಲಿ ಲಿವರ್, ಗುಲ್ಮ ಎರಡೂ ಊದಿದ್ದವು. ರಕ್ತದ ಬ್ರುಸೆಲ್ಲಾ ಟೆಸ್ಟ್ 1:640 ಬಂತು, ಅಂದರೆ ರೋಗ ಇದೆ ಅನ್ನುವಷ್ಟು ಹೆಚ್ಚು. ಬ್ರುಸೆಲ್ಲಾ ಅಂದರೆ ದನ ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ಹರಡುವ ಸೂಕ್ಷ್ಮಾಣು.

ಅವರು ಹೇಳಿದ್ದು ಹೀಗೆ. ಹಸಿ ಹಾಲಿನ ಜೊತೆ ಹೋದರೆ ಈ ಸೂಕ್ಷ್ಮಾಣು ಕರುಳಿನಲ್ಲಿ ನಿಲ್ಲುವುದಿಲ್ಲ. ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ತನ್ನನ್ನು ನುಂಗಿ ಕೊಲ್ಲಬೇಕಾದ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ಲಿವರ್, ಗುಲ್ಮ, ಮೂಳೆಯ ಮಜ್ಜೆ, ಎಲ್ಲ ಕಡೆ. ಹೊಟ್ಟೆಯ ಆಸಿಡ್ ಇದಕ್ಕೆ ಒಂದು ಕಾವಲು, ಗ್ಯಾಸ್ ಮಾತ್ರೆ ಆ ಕಾವಲನ್ನೇ ತೆಗೆಯುತ್ತದೆ. ನಾನೋ ವರ್ಷಗಟ್ಟಲೆ ಬೆಳಿಗ್ಗೆ ಗ್ಯಾಸ್ ಮಾತ್ರೆ ನುಂಗಿ, ಹಿಂದೆಯೇ ನೊರೆಹಾಲು ಕುಡಿದವನು! ಕೈಯ ಗಾಯದಿಂದಲೂ ಒಳಗೆ ಹೋಗಬಹುದಂತೆ. ನನ್ನ ಕೈಗೆ ಕುಡುಗೋಲಿನ ಗಾಯ ತಪ್ಪಿದ್ದೇ ಇಲ್ಲ.

ಔಷಧ ಆರು ವಾರ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ದಿನಾ ಒಮ್ಮೆ ರಿಫಾಂಪಿಸಿನ್. ಮೊದಲ ರಾತ್ರಿಯೇ ಡಾಕ್ಸಿಯನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟೆ. ಎದೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಅದು ಅನ್ನನಾಳದಲ್ಲಿ ಅಂಟಿಕೊಂಡರೆ ಸುಡುತ್ತದೆ. ಆಮೇಲೆ ರೂಢಿ ಬದಲಿಸಿದೆ: ಊಟ ಆದಮೇಲೆ ಮಾತ್ರೆ, ಒಂದು ಲೋಟ ತುಂಬಾ ನೀರು, ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ಓಡಾಟ. ಹಾಲಿನ ಜೊತೆ ನುಂಗುವ ಹಾಗಿಲ್ಲ, ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಿಫಾಂಪಿಸಿನ್ ಬೆಳಿಗ್ಗೆ ಹಾಲು ಕರೆಯುವ ಮೊದಲು, ಖಾಲಿ ಹೊಟ್ಟೆಗೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ ಅಂತ ಮೊದಲೇ ಹೇಳಿದ್ದರು, ಆದರೂ ಹೆದರಿದೆ. ಎರಡನೇ ವಾರ ಶೇಂಗಾ ಚಟ್ನಿಯ ವಾಸನೆಗೆ ಬಾಯಲ್ಲಿ ನೀರೂರಿತು. ಅಲ್ಲಿಯತನಕ ನುಚ್ಚು, ಮಜ್ಜಿಗೆ, ಅಷ್ಟೇ. ಮೂರನೇ ವಾರಕ್ಕೆ ಪೂರ್ತಿ ಆರಾಮ ಅನ್ನಿಸಿ ಮಾತ್ರೆ ನಿಲ್ಲಿಸೋಣ ಅಂದೆ. ಹೆಂಡತಿ ಬಿಡಲಿಲ್ಲ. ನಡುವೆ ನಿಲ್ಲಿಸಿದರೆ ಇದು ಮರುಕಳಿಸುವುದು ಜಾಸ್ತಿ. ಮಧ್ಯೆ ಒಮ್ಮೆ ಲಿವರ್ ಟೆಸ್ಟ್ ಮಾಡಿಸಿದೆ, ಏಕೆಂದರೆ ರಿಫಾಂಪಿಸಿನ್ನೂ ಲಿವರ್ ಮೇಲೆ ಭಾರ ಹಾಕುತ್ತದೆ.

ಎಮ್ಮೆಗಳ ರಕ್ತ ಪರೀಕ್ಷೆಯಲ್ಲಿ ಎರಡಕ್ಕೆ ಪಾಸಿಟಿವ್ ಬಂತು. ದನಕ್ಕೆ ಇದನ್ನು ವಾಸಿಮಾಡುವ ಔಷಧ ಇಲ್ಲ. ಸಂತೆಗೆ ಹೊಡಿ, ಯಾರಿಗೆ ಗೊತ್ತಾಗುತ್ತದೆ ಅಂದವರಿದ್ದರು. ಕೊಂಡವನ ಮನೆಯಲ್ಲೂ ಮಕ್ಕಳಿರುತ್ತಾರೆ ಅಲ್ವಾ? ಎರಡನ್ನೂ ಬೇರೆ ಕಟ್ಟಿದೆ, ಗಬ್ಬ ಮಾಡಿಸಲಿಲ್ಲ, ಹಾಲು ಮಾರಲಿಲ್ಲ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸುತ್ತೇನೆ. ಜೀವಮಾನಕ್ಕೆ ಒಂದೇ ಸಲ. ಅದು ಜೀವಂತ ಲಸಿಕೆ, ಸೂಜಿ ನಮಗೇ ಚುಚ್ಚಿದರೆ ರೋಗ ಬರಬಹುದು. ಹಾಗಾಗಿ ಕರು ಹಿಡಿಯುವಾಗಲೂ ಕೈಗೆ ಗವಸು.

ಹೋದ ತಿಂಗಳು ಪಕ್ಕದ ಓಣಿಯಲ್ಲಿ ಒಂದು ಹಸು ಕಂದು ಹಾಕಿತು. ಗವಸು, ಸುಣ್ಣದ ಚೀಲ, ಗುದ್ದಲಿ ತಗೊಂಡು ಹೋದೆ. ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ನಾಯಿಗಳು ಸುತ್ತಲೂ ಕಾಯುತ್ತಾ ನಿಂತಿದ್ದವು.