ಮನೆಯ ಚಟ್ನಿಪುಡಿಗೆ ಊರಿನಲ್ಲೇ ಗಿರಾಕಿ ಹುಡುಕುವ ಬಗೆ

ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ಸಂಡಿಗೆಗಳನ್ನು ಮನೆಯಲ್ಲಿ ತಯಾರಿಸಿ ಮಾರುವವರು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳ ಆಚೆಗೂ ವ್ಯಾಪಾರ ಬೆಳೆಸಬೇಕೆಂದಿದ್ದರೆ, ಜನರು ಈಗಾಗಲೇ ಯಾರ ಮಾತನ್ನು ನಂಬಿ ದಿನಸಿ ಕೊಳ್ಳುತ್ತಾರೋ ಅವರ ಪರಿಚಯವನ್ನು ಮೊದಲು ಸಂಪಾದಿಸಬೇಕು. ಅದಕ್ಕೂ ಮುಂಚೆ ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ದೂರವಾಣಿ ಸಂಖ್ಯೆ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಇರಲಿ. ಇವಿಲ್ಲದ ಸರಕನ್ನು ಇಟ್ಟುಕೊಳ್ಳಲು ಎಚ್ಚರದ ಅಂಗಡಿಯವರು ಹಿಂದೇಟು ಹಾಕುತ್ತಾರೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಲಾಭದ ಪರಿಚಯವೆಂದರೆ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ವಹಿಸಿಕೊಳ್ಳುವವರದು. ಮುಹೂರ್ತಗಳ ಭರಾಟೆಯಲ್ಲಿ ಅವರಿಗೆ ಮಾತನಾಡಲೂ ಪುರುಸೊತ್ತು ಇರುವುದಿಲ್ಲವಾದ್ದರಿಂದ, ಮದುವೆಗಳು ನಿಂತಿರುವ ಆಷಾಢದಲ್ಲಿ ಅವರ ಮನೆಗೇ ಹೋಗಿ ಭೇಟಿಯಾಗುವುದು ಜಾಣತನ. ಚಿಕ್ಕ ಮಾದರಿ ಪೊಟ್ಟಣ ಅವರಿಗೆ ಉಪಯೋಗಕ್ಕೆ ಬಾರದು. ಅರ್ಧ ಕಿಲೋ ಸಾರಿನಪುಡಿ ಕೊಟ್ಟು, ಒಂದು ದೊಡ್ಡ ಪಾತ್ರೆ ಸಾರಿಗೆ ಎಷ್ಟು ಹಿಡಿಯಿತು, ಖಾರ ಹೆಚ್ಚಾಯಿತೇ, ಬಣ್ಣಕ್ಕೆ ಇನ್ನಷ್ಟು ಬ್ಯಾಡಗಿ ಮೆಣಸಿನಕಾಯಿ ಬೇಕೇ ಎಂದು ವಾರದ ನಂತರ ಕೇಳಿ ಬರೆದಿಟ್ಟುಕೊಳ್ಳಬೇಕು. ಒಬ್ಬ ಭಟ್ಟರಿಗೆ ಪುಡಿ ಒಗ್ಗಿತೆಂದರೆ, ಊಟ ಮುಗಿಸಿ ಎದ್ದವರು ‘ಸಾರಿಗೆ ಯಾವ ಪುಡಿ ಹಾಕಿದಿರಿ?’ ಎಂದು ಕೇಳುವುದು ಅವರನ್ನೇ.

ಕಿರಾಣಿ ಅಂಗಡಿಗೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಹೋಗುವುದು ಮರ್ಯಾದೆ. ಮೊದಲ ಸಲ ಮಾರಾಟವಾದ ನಂತರವೇ ಹಣ ಪಡೆಯುವ ಕರಾರು ಮಾಡಿಕೊಂಡು, ಕೊಟ್ಟ ಪೊಟ್ಟಣಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಬೇಕು; ಹಳೆಯದಾದ ಸರಕನ್ನು ಅಂಗಡಿಯವರು ಹೇಳುವ ಮೊದಲೇ ತಕರಾರಿಲ್ಲದೆ ಹಿಂಪಡೆಯಬೇಕು.

ಮೇಳಗಳಲ್ಲಿ ಮಳಿಗೆ ಹಾಕುವ ಮುನ್ನ ಬಾಡಿಗೆಯನ್ನು ಮಾತ್ರವಲ್ಲ, ಅಲ್ಲಿಗೆ ಬರುವವರು ಯಾರು ಎಂಬುದನ್ನೂ ವಿಚಾರಿಸಬೇಕು. ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಬರುವ ರೈತ ಕುಟುಂಬಗಳಿಗೆ ಮನೆಯಲ್ಲೇ ಮೆಣಸಿನಪುಡಿ ಇರಬಹುದು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಜನಸಂದಣಿಯಲ್ಲಿ ನಿಂತು ರುಚಿ ನೋಡುವಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಬಿಸಿ ಅನ್ನ, ತುಪ್ಪದೊಂದಿಗೆ ಒಂದು ತುತ್ತು ಕೊಡಲು ಅನುಕೂಲವಿರುವ ಸಣ್ಣ ಮೇಳ ಎಷ್ಟೋ ವಾಸಿ. ಕೊಂಡವರ ಹೆಸರು, ಸಂಖ್ಯೆ, ಕೊಂಡ ಪುಡಿ ಯಾವುದೆಂಬುದನ್ನು ಅವರ ಒಪ್ಪಿಗೆ ಪಡೆದು ಪುಸ್ತಕದಲ್ಲಿ ಗುರುತಿಸಿಕೊಂಡು, ಪೊಟ್ಟಣ ಮುಗಿಯುವ ಹೊತ್ತಿಗೆ ಒಮ್ಮೆ ಕರೆ ಮಾಡಬೇಕು. ಮಳಿಗೆಯ ಬಾಡಿಗೆ ಗಿಟ್ಟಿತೇ ಎಂಬುದು ಗೊತ್ತಾಗುವುದು ಆಗಲೇ.

ಸಂಘಟನೆಗಳ ವಿಷಯ ಸ್ವಲ್ಪದರಲ್ಲಿ ಮುಗಿಯುತ್ತದೆ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಉಚಿತವಾದ್ದರಿಂದ ಅದಕ್ಕೆ ದಲ್ಲಾಳಿಗಳಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ತರಬೇತಿ ಮತ್ತು ಸಾಲದ ಯೋಜನೆಗಳ ಮಾಹಿತಿ ದೊರೆಯುತ್ತದೆ; ಮಹಿಳೆಯರಿಗೆ 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಮಹಿಳಾ ಉದ್ಯಮಿಗಳ ಸಂಘವಾದ ‘ಅವೇಕ್’ ಸಂಸ್ಥೆಯೂ ಇದೆ. ಇಂತಹ ಸಂಸ್ಥೆಗಳ ಸಭೆಗಳಲ್ಲಿ ಕಾರ್ಡು ಹಂಚುವುದಕ್ಕಿಂತ, ಪೊಟ್ಟಣ ಮಾಡುವವರು, ಮೆಣಸಿನಕಾಯಿ ಸಗಟಾಗಿ ತರಿಸುವವರು ಯಾರೆಂದು ತಿಳಿದು, ಇಬ್ಬರು ಮೂವರು ಸೇರಿ ಒಟ್ಟಿಗೆ ಖರೀದಿಸುವ ಏರ್ಪಾಡು ಮಾಡಿಕೊಂಡರೆ ಮೊದಲ ತಿಂಗಳಲ್ಲೇ ಖರ್ಚು ತಗ್ಗುತ್ತದೆ.